ಝೆರಾಕ್ಸ್ ಹುಡುಗನ ಐವತ್ತರ ನೋಟು

ಮುಚ್ಚಳ ಎತ್ತುವುದು, ಹಾಳೆ ಇಡುವುದು, ಗುಂಡಿ ಒತ್ತುವುದು. ಬ್ರೆಜಿಲ್ಲಿನ ದಕ್ಷಿಣದ ಪೋರ್ಟೊ ಅಲೆಗ್ರೆ ನಗರದಲ್ಲಿ ಹರೆಯದ ಹುಡುಗ ಆಂದ್ರೆಗೆ ದಿನವಿಡೀ ಇದೇ ಕೆಲಸ. ಗಿರಾಕಿ ತಂದ ಪುಸ್ತಕ ಯಂತ್ರದ ಮೇಲಿರುವಷ್ಟು ಹೊತ್ತು, ಕಣ್ಣಿಗೆ ಬಿದ್ದ ನಾಲ್ಕು ಸಾಲು ಓದಿಕೊಳ್ಳುತ್ತಾನೆ. ಶೇಕ್ಸ್‌ಪಿಯರನ ಸಾನೆಟ್ಟೊಂದು ಅವನಿಗೆ ಹೀಗೇ ಅರ್ಧಂಬರ್ಧ ದಕ್ಕುತ್ತದೆ. ಲೋಕದ ಎಷ್ಟೋ ಸಂಗತಿ ಅವನಿಗೆ ಗೊತ್ತು. ಯಾವುದಕ್ಕೂ ಮುಂದಿನ ಪುಟವಿಲ್ಲ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯ ಆಸುಪಾಸಿನಲ್ಲಿ ನೋಟ್ಸ್ ಕಟ್ಟು ಹಿಡಿದು ಸರದಿ ನಿಂತವರಿಗೆ ಈ ಹುಡುಗನ ಪರಿಚಯ ಬೇರೆ ಹೇಳಬೇಕಿಲ್ಲ.

ಜೋರ್ಜೆ ಫುರ್ಟಾಡೊ ಬರೆದು ನಿರ್ದೇಶಿಸಿದ ‘ನಕಲು ತೆಗೆಯುತ್ತಿದ್ದವನು’ ಎಂಬರ್ಥದ ಹೆಸರಿನ ಚಿತ್ರದ ನಾಯಕ ಅವನು. ಅದು ತೆರೆಕಂಡದ್ದು 2003ರಲ್ಲಿ. ಆಂದ್ರೆಯಾಗಿ ಲಾಝರೊ ರಾಮೋಸ್, ಅವನು ಮನಸೋತ ಸಿಲ್ವಿಯಾಳಾಗಿ ಲಿಯಾಂಡ್ರಾ ಲಿಯಾಲ್ ನಟಿಸಿದ್ದಾರೆ. ಸಿಲ್ವಿಯಾ ಎದುರು ಕಟ್ಟಡದವಳು, ಬಟ್ಟೆ ಅಂಗಡಿಯಲ್ಲಿ ಕೆಲಸ. ರಾತ್ರಿ ದುರ್ಬೀನಿನಲ್ಲಿ ಅವಳ ಕಿಟಕಿ ನೋಡುವ ಹುಡುಗ, ಮಾತಿಗೊಂದು ನೆಪ ಬೇಕೆಂದು ಅಂಗಡಿಗೆ ಹೋಗಿ ತಾಯಿಗೆ ನಿಲುವಂಗಿ ಕೇಳುತ್ತಾನೆ. ಬೆಲೆ 38 ರಿಯಲ್. ಜೇಬಿನಲ್ಲಿ ಅಷ್ಟಿಲ್ಲ. ಆ ಹೊತ್ತಿಗೆ ಅವನ ಅಂಗಡಿಗೆ ಬಣ್ಣದ ಝೆರಾಕ್ಸ್ ಯಂತ್ರ ಬರುತ್ತದೆ. ಐವತ್ತು ರಿಯಲ್ಲಿನ ನೋಟು, ಒಂದು ಬದಿಯಲ್ಲಿ ಜಾಗ್ವಾರ್ ಚಿತ್ರವಿರುವಂಥದು, ಗಾಜಿನ ಮೇಲೆ ಕೂರುತ್ತದೆ.

ಇಲ್ಲಿಯತನಕ ನೋಡುಗರೆಲ್ಲ ಹುಡುಗನ ಪಕ್ಷ. ಫುರ್ಟಾಡೊ ನೋಡುಗರನ್ನು ಗೆದ್ದುಕೊಳ್ಳುವುದು ಪೈಸೆ ಪೈಸೆಯ ಲೆಕ್ಕದಿಂದ. ಚಿತ್ರದ ಮೊದಲಿಗೇ ಸೂಪರ್ ಮಾರ್ಕೆಟ್ಟಿನ ಗಲ್ಲಾ ಎದುರು ಆಂದ್ರೆ ನಿಂತಿದ್ದಾನೆ. ಹಣ ಸಾಲದೆ, ಆರಿಸಿದ ಸಾಮಾನಿನಲ್ಲಿ ಯಾವುದನ್ನು ಬಿಡುವುದೆಂದು ಲೆಕ್ಕ ಹಾಕುತ್ತಿದ್ದಾನೆ. ಹಿಂದೆ ಸರದಿ ಕಾಯುತ್ತಿದೆ. ಆ ಮುಜುಗರ ಉಂಡವರು ಯಾವ ದೇಶದಲ್ಲೂ ಕಡಮೆಯಿಲ್ಲ. 1989ರ ‘ಹೂಗಳ ದ್ವೀಪ’ ಎಂಬ ಕಿರುಚಿತ್ರದಲ್ಲೂ ಫುರ್ಟಾಡೊ ಇದೇ ಜಾಡು ಹಿಡಿದಿದ್ದರು. ಟೊಮೇಟೊ ಒಂದನ್ನು ಹೊಲದಿಂದ ಹಿಂಬಾಲಿಸುತ್ತ, ಹಂದಿಗಳು ಬಿಟ್ಟದ್ದನ್ನು ಮನುಷ್ಯರು ಆಯ್ದುಕೊಳ್ಳುವ ಕಸದ ರಾಶಿಯವರೆಗೆ ಅದು ನೋಡುಗರನ್ನು ಕರೆದೊಯ್ಯುತ್ತದೆ. ಬರ್ಲಿನ್ ಚಿತ್ರೋತ್ಸವದಲ್ಲಿ ಅದಕ್ಕೆ ಬೆಳ್ಳಿ ಕರಡಿ ಪ್ರಶಸ್ತಿ ಸಂದಿತು.

ಆಂದ್ರೆಯ ಸಾಹಸ ಎಂಥದೆಂದು ಮೈಸೂರಿಗರಿಗೆ ಉಳಿದವರಿಗಿಂತ ಚೆನ್ನಾಗಿ ತಿಳಿದೀತು. ರಿಸರ್ವ್ ಬ್ಯಾಂಕಿನ ನೋಟು ಮುದ್ರಣಾಲಯ ಇಲ್ಲಿ 1996ರಿಂದ ನಡೆಯುತ್ತಿದೆ. ನೋಟು ರದ್ದತಿಯ ಕಾಲದ 2000 ರೂಪಾಯಿಯ ನೋಟು ಅಚ್ಚಾದದ್ದೂ ಇಲ್ಲೇ. ನೋಟಿನ ಕಾಗದದ ಗಿರಣಿ ಇದೇ ಊರಿನಲ್ಲಿದೆ. ವರ್ಷಕ್ಕೆ 1,500 ಟನ್ ಶಾಯಿ ತಯಾರಿಸಬಲ್ಲ ‘ವರ್ಣಿಕಾ’ ಘಟಕ 2022ರಲ್ಲಿ ಸೇರಿಕೊಂಡಿತು. ಕಾಗದ, ಶಾಯಿ, ಅಚ್ಚು ಮೂರೂ ಒಂದೇ ಊರಿನಲ್ಲಿ.

ಐನೂರರ ನೋಟೊಂದನ್ನು ಕೈಗೆತ್ತಿಕೊಂಡರೆ ಝೆರಾಕ್ಸ್ ಎಲ್ಲಿ ಸೋಲುತ್ತದೆಂದು ಬೆರಳೇ ಹೇಳುತ್ತದೆ. ಕಾಗದ ಹತ್ತಿಯ ನಾರಿನದು, ಅದಕ್ಕೇ ಆ ಗರಿಗರಿ. ಗಾಂಧೀಜಿಯ ಚಿತ್ರ, ಅಶೋಕ ಸ್ತಂಭ, ಎರಡೂ ಅಂಚಿನ ಐದೈದು ಓರೆ ಗೆರೆಗಳು ಉಬ್ಬಿರುತ್ತವೆ. ಕಣ್ಣು ಕಾಣದವರು ಸವರಿಯೇ ಮೌಲ್ಯ ಗುರುತಿಸಲಿ ಎಂದು. ಓರೆ ಮಾಡಿದರೆ ಭದ್ರತಾ ಎಳೆ ಹಸಿರಿನಿಂದ ನೀಲಿಗೆ ತಿರುಗುತ್ತದೆ, ಬೆಳಕಿಗೆ ಹಿಡಿದರೆ ನೀರ್ಗುರುತು ಮೂಡುತ್ತದೆ. ಯಂತ್ರಕ್ಕೆ ಕಾಣುವುದು ಒಂದು ಕೋನದ ಬಣ್ಣ ಮಾತ್ರ. ಆಂದ್ರೆ ತನ್ನ ನಕಲು ನೋಟನ್ನು ದಾಟಿಸಿದ್ದು ಲಾಟರಿ ಅಂಗಡಿಯ ಗಡಿಬಿಡಿಯಲ್ಲಿ, ಯಾರೂ ನೋಟನ್ನು ಮುಟ್ಟಿ ನೋಡದಿದ್ದಾಗ. ಭಾರತದಲ್ಲಿ ಇಂಥ ಕೆಲಸಕ್ಕೆ ಜೀವಾವಧಿಯವರೆಗೂ ಶಿಕ್ಷೆಯಾಗಬಹುದು.

ಪ್ರೀತಿ, ಅಪರಾಧ, ನಗೆ ಮೂರನ್ನೂ ಬೆರೆಸುವ ಈ ಬಗೆ ಕನ್ನಡಕ್ಕೆ ಹೊಸದಲ್ಲ. ಫಣಿ ರಾಮಚಂದ್ರರ ‘ಗೌರಿ ಗಣೇಶ’ದಲ್ಲಿ (1991) ಅನಂತನಾಗ್ ಸುಳ್ಳು ಹೇಳಿಯೇ ಬದುಕುವ ಲಂಬೋದರ. ತೀರಿಕೊಂಡ ಹೆಣ್ಣಿನ ಡೈರಿ ಹಿಡಿದು ದುಡ್ಡು ಕೀಳುವ ಅವನನ್ನು ಪ್ರೇಕ್ಷಕರು ಹೊಟ್ಟೆ ಹುಣ್ಣಾಗುವಷ್ಟು ನಕ್ಕು ಒಪ್ಪಿಕೊಂಡರು. ಸುನಿ ನಿರ್ದೇಶನದ ‘ಆಪರೇಷನ್ ಅಲಮೇಲಮ್ಮ’ (2017) ಆಂದ್ರೆಗೆ ಇನ್ನೂ ಹತ್ತಿರ. ಬ್ರ್ಯಾಂಡಿನ ಹುಚ್ಚಿರುವ ತರಕಾರಿ ವ್ಯಾಪಾರಿ ಪರ್ಮಿ ಶಾಲಾ ಶಿಕ್ಷಕಿಯನ್ನು ಪ್ರೀತಿಸುತ್ತಾನೆ, ಅಪಹರಣದ ಗುಮಾನಿಯಲ್ಲಿ ಪೊಲೀಸರ ಮುಂದೆ ಕೂರುತ್ತಾನೆ. ಅವನು ಕಾಸಿಗೆ ಕಾಸು ಎಣಿಸುವ ಪರಿ ಪೋರ್ಟೊ ಅಲೆಗ್ರೆಯ ಹುಡುಗನದೇ.

ಆದರೆ ಕನ್ನಡದ ಹಾಸ್ಯಚಿತ್ರ ತಪ್ಪಿಗೊಂದು ಮಿತಿ ಇಟ್ಟುಕೊಳ್ಳುತ್ತದೆ. ಫುರ್ಟಾಡೊಗೆ ಆ ಹಂಗಿಲ್ಲ. ಖೋಟಾ ನೋಟಿನಿಂದ ಶುರುವಾದದ್ದು ದರೋಡೆಗೆ, ಕೊನೆಗೆ ಕೊಲೆಗೂ ಬೆಳೆಯುತ್ತದೆ, ಮಾಡಿದವರು ದಕ್ಕಿಸಿಕೊಳ್ಳುತ್ತಾರೆ. ನೋಡುಗರು ಇಬ್ಭಾಗವಾಗುವುದು ಇಲ್ಲಿ. ಮೊದಲರ್ಧದ ನವಿರನ್ನು ಮೆಚ್ಚಿದವರಿಗೆ ಉತ್ತರಾರ್ಧ ಬೇರೆ ಚಿತ್ರವೆನಿಸಿ ಬೇಸರ. ಇನ್ನು ಕೆಲವರಿಗೆ ಆ ಜಿಗಿತವೇ ರುಚಿ. ಬೇಸರಪಟ್ಟವರಲ್ಲಿ ನ್ಯಾಯವಿದೆ. 38 ರಿಯಲ್ಲಿಗೆ ಅಷ್ಟು ನಿಖರವಾಗಿ ಲೆಕ್ಕ ಕೊಟ್ಟ ನಿರ್ದೇಶಕ ಒಂದು ಜೀವದ ಲೆಕ್ಕವನ್ನು ಅವಸರದಲ್ಲಿ ಮುಗಿಸುತ್ತಾರೆ.

ಹಾಗಿದ್ದೂ ಚಿತ್ರವನ್ನು ಎರಡನೇ ಸಲ ನೋಡಬೇಕೆನಿಸುವುದಕ್ಕೆ ಸಿಲ್ವಿಯಾ ಕಾರಣ. ಅಷ್ಟು ಹೊತ್ತು ಆಂದ್ರೆಯದೇ ಆಗಿದ್ದ ನಿರೂಪಣೆ ಕಡೆಯಲ್ಲಿ ಅವಳ ಪಾಲಿಗೆ ಬರುತ್ತದೆ. ಅವನು ತನ್ನ ಬೆನ್ನು ಹತ್ತಿದ್ದು ಅವಳಿಗೆ ಮೊದಲೇ ಗೊತ್ತಿತ್ತು. ಹುಡುಗ ತಾನೊಬ್ಬನೇ ನೋಡುತ್ತಿದ್ದೇನೆಂದುಕೊಂಡ ದಿನಗಳಲ್ಲಿ ಅವಳೂ ಅವನನ್ನು ಅಳೆಯುತ್ತಿದ್ದಳು, ತನ್ನ ಮನೆಯಿಂದ ಹೊರಬೀಳುವ ದಾರಿ ಹುಡುಕುತ್ತಿದ್ದಳು. ನಿಲುವಂಗಿಯ ಬೆಲೆ ಹೇಳುವ ದೃಶ್ಯದಲ್ಲಿ ಆಂದ್ರೆಯ ಜೇಬನ್ನೇ ನೆನೆಯುತ್ತಿದ್ದ ನೋಡುಗರು ಎರಡನೇ ಸಲ ಅವಳ ಮುಖ ನೋಡುತ್ತಾರೆ.