ಕಾಡಿನ ಲೆಕ್ಕ, ಕಾಡಂಚಿನವರ ಲೆಕ್ಕ

ಉಗಾಂಡ ದೇಶದ ನೈರುತ್ಯ ಮೂಲೆಯಲ್ಲಿ, ಕಾಂಗೊ ಗಡಿಗೆ ಹೊಂದಿಕೊಂಡು ಬ್ವಿಂಡಿ ಎಂಬ ಪರ್ವತಾರಣ್ಯವಿದೆ. ವಿಸ್ತೀರ್ಣ ಸುಮಾರು 320 ಚದರ ಕಿಲೋಮೀಟರ್. 1991ರಲ್ಲಿ ರಾಷ್ಟ್ರೀಯ ಉದ್ಯಾನವಾಗಿ, 1994ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ತಾಣವಾಗಿ ಘೋಷಿತವಾದ ಈ ಕಾಡು, ಬೆಟ್ಟದ ಗೊರಿಲ್ಲಾಗಳಿಗೆ ಜಗತ್ತಿನಲ್ಲಿ ಉಳಿದಿರುವ ಎರಡು ನೆಲೆಗಳಲ್ಲಿ ಒಂದು. ವನ್ಯಜೀವಿ ಸಂರಕ್ಷಣೆಯ ಯಶಸ್ಸಿಗೆ ನಿದರ್ಶನವಾಗಿ ಬ್ವಿಂಡಿಯನ್ನು ಹೆಸರಿಸುವುದು ವಾಡಿಕೆ. ಆ ಯಶಸ್ಸಿನಲ್ಲಿ ಸಂಶೋಧನೆಯ ಪಾಲು ದೊಡ್ಡದು. ಅದಕ್ಕೆ ಬೆಲೆ ತೆತ್ತವರು ಯಾರೆಂಬ ಪ್ರಶ್ನೆಯೂ ಅಷ್ಟೇ ದೊಡ್ಡದು.

ಕಾಡಿನೊಳಗಿನ ರುಹಿಜಾದಲ್ಲಿ ಎಂಬರಾರಾ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವೊಂದು ಮೂರು ದಶಕಗಳಿಗೂ ಹೆಚ್ಚು ಕಾಲದಿಂದ ಕೆಲಸ ಮಾಡುತ್ತಿದೆ. ಇಂಥ ದೀರ್ಘಕಾಲದ ಅಧ್ಯಯನದ ಬೆಲೆ ಏನೆಂಬುದಕ್ಕೆ 2006ರ ಗೊರಿಲ್ಲಾ ಗಣತಿಯನ್ನು ನೋಡಬಹುದು. ಗೊರಿಲ್ಲಾಗಳು ರಾತ್ರಿ ಮಲಗಲು ಕಟ್ಟುವ ಸೊಪ್ಪಿನ ಗೂಡುಗಳನ್ನು ಎಣಿಸಿದಾಗ ಸಂಖ್ಯೆ 336 ಎನಿಸಿತು. ಗೂಡುಗಳಲ್ಲಿ ದೊರೆತ ಹಿಕ್ಕೆಯ ಡಿಎನ್‌ಎ ಪರೀಕ್ಷಿಸಿದಾಗ ಅದು 302ಕ್ಕೆ ಇಳಿಯಿತು. ಒಂದೇ ಪ್ರಾಣಿ ಒಂದಕ್ಕಿಂತ ಹೆಚ್ಚು ಗೂಡು ಕಟ್ಟುವುದುಂಟೆಂದು ಆಗ ಸ್ಪಷ್ಟವಾಯಿತು. ಲೆಕ್ಕ ತಪ್ಪಿದರೆ ನೀತಿಯೂ ತಪ್ಪುತ್ತದೆ. 2018ರ ಗಣತಿಯಲ್ಲಿ ಬ್ವಿಂಡಿ ಹಾಗೂ ಅದಕ್ಕೆ ಸೇರಿದ ಕಾಂಗೊ ಭಾಗದ ಕಾಡಿನಲ್ಲಿ 459 ಗೊರಿಲ್ಲಾಗಳಿದ್ದವು.

ಕಾಡಿನ ಆರೋಗ್ಯ ಊರಿನ ಆರೋಗ್ಯದಿಂದ ಬೇರೆಯಲ್ಲ ಎಂಬ ಪಾಠವೂ ಇಲ್ಲಿಂದಲೇ ಬಂತು. 1996ರಲ್ಲಿ ಗೊರಿಲ್ಲಾ ಗುಂಪೊಂದಕ್ಕೆ ಕಜ್ಜಿ ತಗುಲಿ ಮರಿಯೊಂದು ಸತ್ತಿತು. ಸೋಂಕು ಮನುಷ್ಯರಿಂದ ಬಂದಿತ್ತೆಂಬುದು ತಜ್ಞರ ತೀರ್ಮಾನ. ಚಿಕಿತ್ಸೆ ನೀಡಿದ ಪಶುವೈದ್ಯೆ ಗ್ಲಾಡಿಸ್ ಕಲೆಮಾ-ಝಿಕುಸೋಕ ಅವರು 2003ರಲ್ಲಿ ಗ್ರಾಮಸ್ಥರ ಮತ್ತು ಗೊರಿಲ್ಲಾಗಳ ಆರೋಗ್ಯವನ್ನು ಒಟ್ಟಿಗೆ ನೋಡುವ ಸಂಸ್ಥೆಯನ್ನೇ ಕಟ್ಟಿದರು.

ಇನ್ನು ಖರ್ಚಿನ ಪುಟ. ತಲೆಮಾರುಗಳಿಂದ ಈ ಕಾಡನ್ನೇ ನಂಬಿದ್ದ ಬಟ್ವಾ ಬುಡಕಟ್ಟಿನ ಜನರನ್ನು ಉದ್ಯಾನ ಘೋಷಣೆಯೊಡನೆ ಹೊರಹಾಕಲಾಯಿತು. ಭೂಮಿಯಿದ್ದ ರೈತರಿಗೆ ಮುಂದೆ ಕಾಡಂಚಿನಲ್ಲಿ ಜೇನುಪೆಟ್ಟಿಗೆ ಇಡಲು, ಔಷಧಿ ಸಸ್ಯ ತರಲು ಮಿತವಾದ ಅನುಮತಿ ದೊರೆಯಿತು. ಉದ್ಯಾನದ ಪ್ರವೇಶಶುಲ್ಕದ ಶೇ 20ರಷ್ಟನ್ನು ಸುತ್ತಲಿನ ಸಮುದಾಯಗಳಿಗೆ ನೀಡಬೇಕೆಂದು ಕಾನೂನೂ ಆಯಿತು. ಆದರೂ ಅಕ್ರಮವಾಗಿ ಕಾಡು ಹೊಕ್ಕವರ ಕಾರಣಗಳನ್ನು ಸಂಶೋಧಕರು ಅಧ್ಯಯನ ಮಾಡಿದಾಗ, ಬಡತನದ ಜೊತೆಗೆ ‘ನಮಗೆ ನ್ಯಾಯವಾದ ಪಾಲು ಸಿಕ್ಕಿಲ್ಲ’ ಎಂಬ ಕಹಿಯೂ ಕಂಡುಬಂತು. ಕಾಡಿನ ಅತ್ಯಂತ ಸಮೀಪದಲ್ಲಿರುವವರು ಬೆಳೆನಷ್ಟವನ್ನು ಹೆಚ್ಚು ಹೊತ್ತು, ಲಾಭವನ್ನು ಕಡಿಮೆ ಕಂಡಿದ್ದರು. 2021ರಲ್ಲಿ ಉಗಾಂಡದ ಸಂವಿಧಾನ ನ್ಯಾಯಾಲಯ, ಸೂಕ್ತ ಪರಿಹಾರವಿಲ್ಲದ ಒಕ್ಕಲೆಬ್ಬಿಸುವಿಕೆಯಿಂದ ಬಟ್ವಾ ಜನ ಅತಂತ್ರರಾದರೆಂದು ಒಪ್ಪಿಕೊಂಡಿತು. ಈ ಮಾತು ಬರಲು ಮೂವತ್ತು ವರ್ಷ ಬೇಕಾಯಿತು.

ಅರ್ಥಶಾಸ್ತ್ರದ ದೃಷ್ಟಿಯಿಂದ ಇದು ಸರಳ ಸಂಗತಿ. ಗೊರಿಲ್ಲಾ ಉಳಿದದ್ದರ ಸಂತೋಷ ಇಡೀ ಜಗತ್ತಿಗೆ ಹಂಚಿಹೋಗುತ್ತದೆ; ನಷ್ಟ ಮಾತ್ರ ಕೆಲವೇ ಗುಡಿಸಲುಗಳ ಮೇಲೆ ಬೀಳುತ್ತದೆ. ವಿದೇಶಿ ಪ್ರವಾಸಿಯೊಬ್ಬ ಗೊರಿಲ್ಲಾ ಕುಟುಂಬವೊಂದನ್ನು ಒಂದು ಗಂಟೆ ನೋಡಲು 2024ರಲ್ಲಿ ನಿಗದಿಯಾದ ಶುಲ್ಕ 800 ಡಾಲರ್. ಆ ಹಣದ ಎಷ್ಟು ಭಾಗ ಕಾಡು ಕಳೆದುಕೊಂಡವರ ಮನೆ ಮುಟ್ಟಿತು ಎಂಬುದನ್ನೂ ಗೊರಿಲ್ಲಾ ಗಣತಿಯಷ್ಟೇ ಶ್ರದ್ಧೆಯಿಂದ, ಮನೆಮನೆಗೆ ಹೋಗಿ ಎಣಿಸಬೇಕು. ಗಣತಿಯ ವರದಿಯೊಡನೆಯೇ ಅದನ್ನೂ ಪ್ರಕಟಿಸಬೇಕು. ಕಾಡಂಚಿನ ಜನ ಬೇಸತ್ತು ಕೈಬಿಟ್ಟರೆ, ಎಷ್ಟೇ ಕಾವಲಿಟ್ಟರೂ ಆ ಕಾಡನ್ನು ಉಳಿಸಿಕೊಳ್ಳುವುದು ಕಷ್ಟ.