ಕೊಳವೆಗಳಿಗೊಂದು ಅಂತಸ್ತು

ಪೋಲಿಯೊ ಲಸಿಕೆಯಿಂದ ಜಗದ್ವಿಖ್ಯಾತರಾದ ಜೋನಾಸ್ ಸಾಲ್ಕ್ ಅವರು ಜೀವವಿಜ್ಞಾನಕ್ಕೆ ಮುಡಿಪಾದ ಸಂಶೋಧನಾ ಮಂದಿರವೊಂದನ್ನು ಕಟ್ಟಿಸಲು ಸಂಕಲ್ಪಿಸಿ ವಾಸ್ತುಶಿಲ್ಪಿ ಲೂಯಿ ಕಾನ್ ಅವರನ್ನು ಕಂಡಾಗ, ಪಿಕಾಸೊನಂತಹ ಚಿತ್ರಕಾರನನ್ನೂ ನಿಸ್ಸಂಕೋಚವಾಗಿ ಕರೆತಂದು ತೋರಿಸಬಹುದಾದ ಕಟ್ಟಡ ತಮಗೆ ಬೇಕೆಂದರಂತೆ. ಹಾಗೆ ಕ್ಯಾಲಿಫೋರ್ನಿಯಾದ ಲಾ ಹೋಯಾದಲ್ಲಿ, ಶಾಂತಸಾಗರಕ್ಕೆ ಅಭಿಮುಖವಾದ ಎತ್ತರದ ದಂಡೆಯ ಮೇಲೆ, 1965ರ ವೇಳೆಗೆ ತಲೆಯೆತ್ತಿದ ಸಾಲ್ಕ್ ಸಂಸ್ಥೆಯು ಇಂದು ವಾಸ್ತುಶಿಲ್ಪದ ವಿದ್ಯಾರ್ಥಿಗಳಿಗೆ ತೀರ್ಥಕ್ಷೇತ್ರವೇ ಆಗಿದೆ.

ಯಾತ್ರಿಕರು ಕಾಣಬರುವುದು ಅಲ್ಲಿನ ಅಂಗಳವನ್ನು: ಸಮರೂಪದ ಎರಡು ಕಟ್ಟಡಸಾಲುಗಳ ನಡುವೆ ಟ್ರಾವರ್ಟೈನ್ ಶಿಲೆ ಹಾಸಿದ ಬಯಲು, ಅದರ ನಟ್ಟನಡುವೆ ಪಡುವಣ ಕಡಲಿನತ್ತ ಹರಿಯುವ ಕಿರುಗಾಲುವೆ. ಇಲ್ಲಿ ಉದ್ಯಾನವನ್ನು ಬೆಳೆಸಬೇಕೆಂದಿದ್ದ ಕಾನ್, ಮೆಕ್ಸಿಕೋದ ವಾಸ್ತುಶಿಲ್ಪಿ ಲೂಯಿಸ್ ಬರಗಾನ್ ಅವರನ್ನು ಕರೆಸಿ ಕೇಳಲಾಗಿ, ಒಂದು ಗಿಡವೂ ಬೇಡ, ಬರಿಯ ಶಿಲಾಂಗಣವೇ ಇರಲೆಂದು ಅವರು ನುಡಿದರು. ಆ ಮಾತೇ ನಿಂತಿತು.

ಆದರೆ ಈ ಕೃತಿಯ ಪ್ರತಿಭೆ, ನನ್ನ ಮಟ್ಟಿಗೆ, ಛಾಯಾಚಿತ್ರಗಳಿಗೆ ದಕ್ಕದ ಎಡೆಯಲ್ಲಿದೆ. ಪ್ರಯೋಗಶಾಲೆಯೆಂದರೆ ನೀರು, ಅನಿಲ, ವಿದ್ಯುತ್ತು, ವಾಯು ಇವುಗಳ ನಾಳಗಳ ಗೊಂಡಾರಣ್ಯ. ಇವನ್ನು ಸೂರಿನ ಸಂದಿಯಲ್ಲಿ ತುರುಕಿ ಮರೆಮಾಡುವುದರ ಬದಲು, ಕಾನ್ ಅವರು ಮೂರು ಪ್ರಯೋಗಶಾಲಾ ಅಂತಸ್ತುಗಳಲ್ಲಿ ಪ್ರತಿಯೊಂದರ ನೆತ್ತಿಯ ಮೇಲೂ, ಆಳು ನೆಟ್ಟಗೆ ನಡೆದಾಡಬಹುದಾದಷ್ಟು ಎತ್ತರದ ಇನ್ನೊಂದು ಅಂತಸ್ತನ್ನು ಕೇವಲ ಈ ನಾಳಗಳಿಗಾಗಿಯೇ ಇರಿಸಿದರು. ಎಂಜಿನಿಯರ್ ಆಗಸ್ಟ್ ಕೋಮೆಂಡಂಟ್ ರೂಪಿಸಿದ ವೀರೆಂಡೀಲ್ ತೊಲೆಗಳು, ಓರೆಪಟ್ಟಿಗಳಿಲ್ಲದೆ ಆಯತಾಕಾರದ ತೆರಪುಗಳನ್ನಷ್ಟೇ ಉಳ್ಳವಾದ್ದರಿಂದ, ಕೊಳವೆಗೂ ಕೆಲಸಗಾರನಿಗೂ ಸಮನಾಗಿ ದಾರಿಬಿಡುತ್ತವೆ. ಸುಮಾರು 9 ಅಡಿ ಎತ್ತರದ ಅವು 65 ಅಡಿ ಅಗಲವನ್ನು ನಡುವೆ ಕಂಬವಿಲ್ಲದೆ ದಾಟುವುದರಿಂದ, ಕೆಳಗಿನ ಪ್ರಯೋಗಶಾಲೆಯನ್ನು ಬೇಕೆಂದಂತೆ ವಿಭಾಗಿಸಬಹುದು. ನಾಳೆಯ ವಿಜ್ಞಾನವು ಯಾವ ಉಪಕರಣವನ್ನು ಬೇಡೀತೆಂದು ಬಲ್ಲವರಾರು? ಕೊಳವೆ ದುರಸ್ತಿಗೆ ಬಂದವನು ವಿಜ್ಞಾನಿಯ ಮೇಜನ್ನು ಅಲುಗಿಸದೆ ಕೆಲಸ ಮುಗಿಸಿ ಹೋಗಬಲ್ಲನೆಂಬುದೂ ಸಣ್ಣ ಸೌಕರ್ಯವಲ್ಲ.

ಪ್ರಯೋಗಶಾಲೆಗಳಿಂದ ಬೇರ್ಪಟ್ಟು ಅಂಗಳದ ಅಂಚಿನಲ್ಲಿ ನಿಂತ ಅಧ್ಯಯನಕೊಠಡಿಗಳ ಗೋಡೆಗಳು ಓರೆಯಾಗಿ ತಿರುಗಿ ಕಡಲನ್ನು ನೋಡುತ್ತವೆ. ಅಲ್ಲಿಯ ಕಾಂಕ್ರೀಟಿಗೆ ಗಿಲಾವು, ಬಣ್ಣ ಒಂದೂ ಇಲ್ಲ. ಅಚ್ಚುಹಲಗೆಯ ಕೀಲುಗುರುತುಗಳನ್ನು ಸಹ ಅಳಿಸಿಲ್ಲ. ಕಿಟಕಿಗಳ ತೇಗವನ್ನೂ ಹಾಗೆಯೇ ಬರಿದಾಗಿ ಬಿಟ್ಟುದರ ಬೆಲೆಯನ್ನು ಮಾತ್ರ ತೆರಬೇಕಾಯಿತು: ಕಡಲಗಾಳಿಗೆ ಸವೆದು ಶಿಲೀಂಧ್ರದಿಂದ ಕಪ್ಪಿಟ್ಟ ಮರವನ್ನು, ಗೆಟಿ ಸಂರಕ್ಷಣಾ ಸಂಸ್ಥೆಯ ನೆರವಿನಿಂದ, ಹಳೆಯದರಲ್ಲಿ ಬಹುಭಾಗವನ್ನು ಉಳಿಸಿಕೊಂಡು, 2017ರಲ್ಲಿ ದುರಸ್ತಿಗೊಳಿಸಿದರು.

ಈ ಕಟ್ಟಡವೊಂದನ್ನೇ ಕಂಡು ಕಾನ್ ಅವರನ್ನು ಕಾಂಕ್ರೀಟಿನ ಉಪಾಸಕರೆಂದು ಬಗೆಯುವವರು, ಅದೇ ದಶಕದಲ್ಲಿ ಅವರು ಅಹಮದಾಬಾದಿನ ಭಾರತೀಯ ನಿರ್ವಹಣಾ ಸಂಸ್ಥೆಗೆ (ಐಐಎಂ) ಇಟ್ಟಿಗೆಯಲ್ಲಿ ಕಟ್ಟಿದ ಕಮಾನುಗಳನ್ನೂ, ಗುಜರಾತಿನ ಬಿಸಿಲನ್ನು ತಡೆಯಲೆಂದು ಅಲ್ಲಿ ತೆರೆದ ಬೃಹತ್ ವೃತ್ತಗಳನ್ನೂ ಒಮ್ಮೆ ನೋಡಬೇಕು.