ತಾಮ್ರದ ಮೇಲೆ ಗಾಜಿನ ಹೂ

ಕುಳಗೇರಿ ಕ್ರಾಸಿನಿಂದ ಬಾದಾಮಿಯತ್ತ ಹೊರಳಿದರೆ ಕೆಂಪು ಮರಳುಗಲ್ಲು, ಇನ್ನೂ ಮುಂದೆ ಇಳಕಲ್ಲಿಗೆ ಹೋದರೆ ಕೆಂಪು ಗ್ರಾನೈಟ್. ಮರಳುಗಲ್ಲಿನಲ್ಲಿ ಬಹುಪಾಲು ಬೆಣಚು. ಗ್ರಾನೈಟಿನಲ್ಲಿ ಬೆಣಚಿನ ಜೊತೆಗೆ ಫೆಲ್ಡ್‌ಸ್ಪಾರ್. ಈ ಜಾತಿಯ ಖನಿಜಗಳನ್ನೇ ಶುದ್ಧ ರೂಪದಲ್ಲಿ ತಂದು, ಬಿಳಿಗಾರ ಮತ್ತು ಸೋಡಾ ಬೆರೆಸಿ ಕರಗಿಸಿದರೆ ಎನಾಮಲ್ ಸಿದ್ಧ. ಅಜ್ಜಿಯರ ಕಾಲದ ನೀಲಿ ಅಂಚಿನ ಬಿಳಿ ತಟ್ಟೆ ನೆನಪಿದೆಯಲ್ಲ? ಅದು ಬಣ್ಣ ಬಳಿದ ತಟ್ಟೆಯಲ್ಲ, ತಗಡಿಗೆ ಗಾಜು ಹೊದಿಸಿದ್ದು.

ಈ ವಿದ್ಯೆಯ ಸೊಗಸು ನೋಡಬೇಕಾದರೆ 18ನೇ ಶತಮಾನದ ಚೀನಾಕ್ಕೆ ಹೋಗಬೇಕು. ತಾಮ್ರದ ಮೇಲೆ ತಂತಿಯ ಮನೆ ಕಟ್ಟಿ ಎನಾಮಲ್ ತುಂಬುವುದು ಅಲ್ಲಿ ಹಳೆಯ ಪದ್ಧತಿ. ತಂತಿಯಿಲ್ಲದೆ ಕುಂಚದಲ್ಲೇ ಹೂ, ಹಕ್ಕಿ ಬಿಡಿಸುವ ಕಲೆ ಯುರೋಪಿನ ಪ್ರಭಾವದಿಂದ ಬಂತು. 1719ರಲ್ಲಿ ಫ್ರೆಂಚ್ ಕುಶಲಕರ್ಮಿ ಗ್ರಾವೆರೋ ಚೀನಾಕ್ಕೆ ಬಂದು ಅರಮನೆಯ ಕೆಲಸಕ್ಕೆ ಸೇರಿದ. ಕ್ಯಾಂಟನ್ ಪೇಟೆಯ ಕುಲುಮೆಗಳಿಂದ ತಟ್ಟೆ, ಬೋಗುಣಿ, ಡಬ್ಬಿಗಳು ಹಡಗೇರಿ ಹೊರನಾಡಿಗೆ ಹೋದವು.

ತೆಳು ತಾಮ್ರಕ್ಕೆ ಬಿಳಿ ಎನಾಮಲ್ ಪುಡಿ ಬಳಿದು ಸುಮಾರು 800 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಡುತ್ತಾರೆ. ಅದರ ಮೇಲೆ ಚಿತ್ರ ಬರೆದು ಮತ್ತೆ ಸುಡುತ್ತಾರೆ. ಕಷ್ಟ ಶುರುವಾಗುವುದು ಆರುವಾಗ. ಗಾಜಿಗಿಂತ ತಾಮ್ರ ಹೆಚ್ಚು ಕುಗ್ಗುತ್ತದೆ. ಒಂದೇ ಮಗ್ಗುಲಿಗೆ ಗಾಜಿದ್ದರೆ ತಟ್ಟೆ ಬಿಸಿಲಿಗಿಟ್ಟ ಹಪ್ಪಳದ ಹಾಗೆ ಡೊಂಕಾಗುತ್ತದೆ. ಅದಕ್ಕೇ ಯಾರೂ ನೋಡದ ಬೆನ್ನಿಗೂ ಎನಾಮಲ್! ಈ ಕುಗ್ಗುವಿಕೆಯಿಂದ ಲಾಭವೂ ಇದೆ: ತಾಮ್ರ ಗಾಜನ್ನು ಒಳಕ್ಕೆ ಅದುಮಿ ಹಿಡಿಯುತ್ತದೆ. ಅದುಮಿದರೆ ಗಾಜು ತಾಳುತ್ತದೆ, ಎಳೆದರೆ ಸೀಳುತ್ತದೆ. ಆದರೆ ಅಂಚಿನ ತಿರುವಿನಲ್ಲಿ ಅದೇ ಬಿಗಿತ ಗಾಜನ್ನು ಹೊರಕ್ಕೆ ದೂಡುತ್ತದೆ. ಪೆಟ್ಟು ಬಿದ್ದರೆ ಮೊದಲು ಚಕ್ಕೆ ಏಳುವುದು ಅಲ್ಲೇ. ಕಬ್ಬಿಣದ ತಟ್ಟೆಯಾದರೆ ಆ ಜಾಗದಲ್ಲಿ ತುಕ್ಕು.

ಚೀನಿ ತಟ್ಟೆಯ ಗುಲಾಬಿ ಬಣ್ಣ ಮಾತ್ರ ನನಗೆ ಎಲ್ಲಕ್ಕಿಂತ ಸೋಜಿಗ. ಇಳಕಲ್ ಕಲ್ಲಿನ ಕೆಂಪು ಕಬ್ಬಿಣದ್ದು. ಈ ಗುಲಾಬಿ ಚಿನ್ನದ್ದು. ಇಳಕಲ್ಲಿನ ಆಚೆ ರಾಯಚೂರು ಜಿಲ್ಲೆಯ ಹಟ್ಟಿ ಗಣಿಯಲ್ಲಿ ಸಿಗುವ ಅದೇ ಲೋಹ, ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಗಾಜಿನೊಳಗೆ ಹರಡಿದಾಗ ಹಸಿರು ಬೆಳಕನ್ನು ನುಂಗಿ ಕೆಂಪನ್ನು ಉಳಿಸುತ್ತದೆ.

ಅಪಾರದರ್ಶಕ ಬಿಳಿಗೆ ಆಗ ಬಳಸಿದ್ದು ಸೀಸ, ಆರ್ಸೆನಿಕ್. ಹುಳಿ ಇವನ್ನು ಕರಗಿಸಬಲ್ಲದು. ಇಂಥ ಹಳೆಯ ಚಿತ್ರದ ತಟ್ಟೆ ಮನೆಯಲ್ಲಿದ್ದರೆ ಗೂಡಿನಲ್ಲಿಟ್ಟು ನೋಡಿ. ಉಪ್ಪಿನಕಾಯಿ, ಸಾರು ಬಡಿಸಬೇಡಿ.